ರಾಯಬಾಗದ ಕಂಪ್ಯೂಟರಿನ ತಾರೀಖು

ಇಂಜಿನಿಯರಿಂಗ್ ಮುಗಿಸಿ ನಾನು ಸೇರಿದ್ದು ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ. ತೊಂಬತ್ತರ ದಶಕದ ನಡುವಿನ ಮಾತು. ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗದ ಕಚೇರಿಗಳಲ್ಲಿ ಒಂದೊಂದು ಕಂಪ್ಯೂಟರ್ ಇತ್ತು. ಯಾವ ಹೊಲದಲ್ಲಿ ಕಬ್ಬು ಯಾವಾಗ ನಾಟಿಯಾಯಿತು ಎಂಬುದು ಅವುಗಳಲ್ಲಿರುತ್ತಿತ್ತು. ಕಟಾವಿನ ಸರದಿ ನಿಂತಿದ್ದು ಅದರ ಮೇಲೆಯೇ. ಶನಿವಾರ ಫ್ಲಾಪಿಗಳು ಬಸ್ಸಿನಲ್ಲಿ ನನ್ನ ಬಳಿ ಬರುತ್ತಿದ್ದವು. ಎಲ್ಲವನ್ನೂ ಕೂಡಿಸುವ ಪ್ರೋಗ್ರಾಂ ನನ್ನದು. ನಮೂದು ಬರೆದ ದಿನವನ್ನು ಕಂಪ್ಯೂಟರೇ ಗುರುತು ಹಾಕುತ್ತಿತ್ತು. ಒಂದೇ ಹೊಲಕ್ಕೆ ಎರಡು ನಮೂದು ಸಿಕ್ಕರೆ ಈಚಿನದು ಉಳಿಯುತ್ತಿತ್ತು. ಕೂಡಿಸಿದ ಪ್ರತಿ ಅದೇ ಫ್ಲಾಪಿಯಲ್ಲಿ ವಾಪಸು ಹೋಗಿ ಅಲ್ಲಿಯ ಪ್ರತಿಯನ್ನು ಅಳಿಸಿ ಕೂರುತ್ತಿತ್ತು.

ರಾಯಬಾಗದ ಗುಮಾಸ್ತರು ನನ್ನ ತಂದೆಯ ವಯಸ್ಸಿನವರು, ಆದರೂ ನನ್ನನ್ನು ಮೇಡಂ ಎನ್ನುವಂತೆ 'ಬಾಯಾರ' ಎನ್ನುತ್ತಿದ್ದರು. ಚಿಂಚಲಿಯವರೆಗೂ ಸೈಕಲ್ ಮೇಲೆ ಹೋಗಿ, ರೈತರು ಅಂದಾಜಿನಲ್ಲಿ ಹೇಳಿದ್ದ ತಾರೀಖುಗಳನ್ನು ಹೊಲದಲ್ಲೇ ವಿಚಾರಿಸಿ, ಬಂದು ತಿದ್ದುತ್ತಿದ್ದರು. ಕಾಗದದ ದಫ್ತರದಲ್ಲಿಯೂ ಬರೆದಿಡಬೇಕೇ ಎಂದು ಕೇಳಿದ್ದರು. ಬೇಡ ಎಂದಿದ್ದೆ.

ಕಟಾವು ಶುರುವಾದಾಗ ಅವರ ಭಾಗದಲ್ಲಿ ಎಳೆ ಕಬ್ಬು ಗಾಡಿ ಏರಿತು, ಬಲಿತದ್ದು ಹೂ ಬಿಟ್ಟು ಒಣಗುತ್ತ ನಿಂತಿತು. ಅವರು ಹೊಲಕ್ಕೇ ಹೋಗಿಲ್ಲ, ಕುಳಿತಲ್ಲೇ ಬರೆದಿದ್ದಾರೆ ಎಂದು ಎಲ್ಲರೂ ಅಂದರು. ನಾನು ನೋಡಲು ಹೋದೆ. ಕರೆಂಟ್ ಹೋಗಿ ಬಂತು. ಪರದೆಯ ಮೇಲೆ ತಾರೀಖು 1980ರ ಜನವರಿ ಒಂದು. ತಾರೀಖು ನೆನಪಿಡುವ ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು. ಸರಿಯಾದ ತಾರೀಖು ಕೊಡಿ ಎಂದು ಯಂತ್ರ ಕೇಳಿತು. ಅವರು ಎಂಟರ್ ಒತ್ತಿ ಮುಂದೆ ಹೋದರು.

"ದಿನಾ ಹಿಂಗ ಮಾಡ್ತೀರೇನ್ರಿ?" ಎಂದೆ.

"ಹೌದ್ರಿ ಬಾಯಾರ. ಏನ್ ಕೇಳಿದ್ರೂ ಎಂಟರ್ ಒತ್ತರಿ ಅಂತ ನೀವ ಹೇಳಿದ್ರೆಲ್ಲ."

ಹೇಳಿದ್ದೆ. ಅವರು ತಿದ್ದಿದ ಒಂದೊಂದು ನಮೂದಿಗೂ 1980ರ ಗುರುತು ಬಿದ್ದು, ಅದನ್ನು ಹಳೆಯದೆಂದು ಬಗೆದು ನನ್ನ ಪ್ರೋಗ್ರಾಂ ಅಳಿಸಿತ್ತು, ನನ್ನಲ್ಲೂ ರಾಯಬಾಗದಲ್ಲೂ; ಉಳಿದದ್ದು ರೈತರ ಅಂದಾಜು. ಅವರಿಗೆ ಏನೂ ಹೇಳದೆ ಚಿಕ್ಕೋಡಿಗೆ ಮರಳಿ ಮ್ಯಾನೇಜರರಿಗೆ ಎಲ್ಲ ಬರೆದುಕೊಟ್ಟೆ. ಮ್ಯಾನೇಜರು ಓದಿ, ಮಡಚಿ, ಡ್ರಾಯರಿನಲ್ಲಿಟ್ಟರು.

"ಮಷೀನ್ ತಪ್ ಮಾಡೈತಿ ಅಂದ್ರ ನಾಳೆ ಯಾರೂ ಅದನ್ನ ನಂಬೂದಿಲ್ಲ. ಮನಶ್ಯಾ ತಪ್ ಮಾಡ್ಯಾನ ಅಂದ್ರ ಎಲ್ಲಾರೂ ನಂಬ್ತಾರ. ಸುಮ್ನ ಇರ್ರಿ."

ಸುಮ್ಮನಿದ್ದೆ. ಗುಮಾಸ್ತರನ್ನು ಕೆಲಸದಿಂದ ತೆಗೆದರು. ಪ್ರೋಗ್ರಾಂ ತಿದ್ದಿದೆ, ಮುಂದಿನ ಹಂಗಾಮು ಸುಸೂತ್ರವಾಯಿತು. ಅದನ್ನೇ ತೋರಿಸಿ, ಹಲವು ಊರುಗಳ ಮಾಹಿತಿಯನ್ನು ಒಟ್ಟಿಗೆ ಕಾಪಿಡುವ ಪುಣೆಯ ಕಂಪನಿಯೊಂದರಲ್ಲಿ ನೌಕರಿ ಪಡೆದೆ. ಈಗಲೂ ಅದೇ ಕೆಲಸ. ಚೆನ್ನಾಗಿ ಮಾಡುತ್ತೇನೆ ಎನ್ನುತ್ತಾರೆ.

ಪುಣೆಗೆ ಹೊರಡುವ ವಾರ ರಾಯಬಾಗದ ಬಸ್ ನಿಲ್ದಾಣದಲ್ಲಿ ಆ ಗುಮಾಸ್ತರು ಸಿಕ್ಕರು. ಎದ್ದು ನನಗೆ ಜಾಗ ಬಿಟ್ಟರು. ಕೆಲಸ ಹೋದ ಮೇಲೆ ಮಗಳ ಮದುವೆಯ ಸಂಬಂಧ ಮುರಿದುದನ್ನು ಬೇರೆ ಯಾರದೋ ಸುದ್ದಿಯಂತೆ ಹೇಳಿದರು.

"ನನ್ನ ಕೈಯಾಗ ಎಲ್ಲೋ ತಪ್ಪಾಗೈತ್ರಿ. ಎಲ್ಲಿ ಅಂತ ಇನ್ನೂ ತಿಳೀವಲ್ದು. ನಿಮಗೇನರ ತಿಳೀತೇನ್ರಿ?"

ಇಲ್ಲ ಎಂದೆ. ಬಸ್ಸು ಬಂತು. ನೂಕಾಟದಲ್ಲಿ ನನ್ನ ಚೀಲವನ್ನು ಅವರೇ ಕಿಟಕಿಯಿಂದ ಒಳಗೆ ಕೊಟ್ಟರು.