ಲೀಟರಿಗೆ ಹನ್ನೆರಡು

ಬಸಲಿಂಗ ಚಪ್ಪಲಿ ಬಿಟ್ಟೇ ಗಾಡಿ ಹತ್ತುವವನು. ಬೀಳಗಿ ಕಡೆಯ ಮನುಷ್ಯ. ಅನ್ನ ಕೊಡುವ ಗಾಡಿಯೊಳಗೆ ಚಪ್ಪಲಿ ಮೆಟ್ಟಿಕೊಂಡು ಕೂರುವುದೆಂದರೆ ಅವನ ಮಟ್ಟಿಗೆ ದೇವರ ಜಗಲಿಯ ಮೇಲೆ ಕಾಲಿಟ್ಟಂತೆ. ಹಾಗಂತ ಗಾಡಿ ಅವನದೇನಲ್ಲ, ಬೆಳ್ಳಂದೂರಿನ ಒಂದು ಟ್ರಾವೆಲ್ಸಿನದು. ಡೀಸೆಲ್ಲಿನ ಚಿಕ್ಕ ಎಸ್‌ಯುವಿ. ಬೆಳಿಗ್ಗೆ ಮಾರತ್ತಹಳ್ಳಿಯಲ್ಲಿ ಮೂವರು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು. ಹನ್ನೊಂದು ವರ್ಷದ ಡ್ರೈವರಿಕೆಯಲ್ಲಿ ಓಡಿಸಿದ ಯಾವ ಗಾಡಿಗೂ ಅವನಿಂದ ಒಂದು ಗೀರು ಬಿದ್ದಿರಲಿಲ್ಲ.

ಅಂಥವನ ಹೆಗಲಿಗೆ ಮೈಲೇಜಿನ ಶನಿ ಏರಿತು ನೋಡಿ. ಟ್ರಾವೆಲ್ಸಿನ ಮ್ಯಾನೇಜರ್ ಸುಧೀಂದ್ರ ಯಾರ್ಡಿನ ಗೋಡೆಗೆ ತಿಂಗಳಿಗೊಂದು ಹಾಳೆ ಅಂಟಿಸತೊಡಗಿದ. ಯಾರ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಎಂಬ ಪಟ್ಟಿ. ಸತತ ಮೂರು ತಿಂಗಳು ಕೊನೆಯಲ್ಲಿದ್ದವನು ಕೀ ಒಪ್ಪಿಸಿ ಮನೆಗೆ ಹೋಗಬೇಕು. ಅದೇ ಕಂಪನಿಯ ಗಾಡಿ, ಅದೇ ರಸ್ತೆ, ಅದೇ ಹಾಳು ಜಾಮು. ಉಳಿದವರಿಗೆ ಹದಿನಾರು, ಬಸಲಿಂಗನಿಗೆ ಹನ್ನೆರಡು. ಎರಡು ತಿಂಗಳು ಹೀಗೇ ಆಯಿತು.

"ಡೀಸೆಲ್ ಎಲ್ಲಾದ್ರೂ ಮಾರ್ಕೊಳ್ತಿದೀಯೇನಪ್ಪ?" ಎಂದು ಸುಧೀಂದ್ರ ಎಲ್ಲರ ಎದುರೇ ಕೇಳಿಬಿಟ್ಟ.

"ತಾಯಾಣಿ ಇಲ್ರೀ ಸಾರ್," ಎಂದ ಬಸಲಿಂಗ.

ಮೂರನೇ ತಿಂಗಳು ಅವನು ಮಾಡದ ಕಸರತ್ತಿಲ್ಲ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿದ. ಮೇಲಿನ ಕ್ಯಾರಿಯರ್ ಬಿಚ್ಚಿಸಿದ, ಡಿಕ್ಕಿಯಲ್ಲಿದ್ದ ಹಾಳುಮೂಳನ್ನೆಲ್ಲ ಇಳಿಸಿದ. ಸಿಗ್ನಲ್ಲು ಕೆಂಪಾದರೆ ಎಂಜಿನ್ ಆಫ್. ಒಬ್ಬನೇ ಇದ್ದಾಗ ಏಸಿ ಬಂದ್, ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿದರೂ ಸರಿಯೇ. ದೂರದಲ್ಲಿ ಗಾಡಿಗಳು ನಿಂತದ್ದು ಕಂಡರೆ ಇಲ್ಲಿಂದಲೇ ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ಹೋಗುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದು ಬೈದರೆ ಬೈಸಿಕೊಂಡ. ಇಷ್ಟೆಲ್ಲ ಆಗಿ, ನಾಲ್ಕು ದಿನಕ್ಕೆ ಲೆಕ್ಕ ಹಾಕಿದರೆ ಹನ್ನೆರಡೂವರೆ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಊಟಾ ಮಾಡ್ರಿ ಮದಲ," ಎಂದಳು ಹೆಂಡತಿ ಮಹಾನಂದಾ.

"ಏನ್ ಊಟ ಮಾಡ್ಲಿ? ಈ ಕೀ ಹೋತಂದ್ರ ನನಗ ಬ್ಯಾರೆ ಏನ್ ಬರ್ತದ ಹೇಳು. ಸ್ಟೇರಿಂಗ್ ಬಿಟ್ರ ನಾ ಏನೂ ಅಲ್ಲ." ತಟ್ಟೆಯನ್ನು ದೂಡಿ ಎದ್ದ.

ಯಾರ್ಡಿನಲ್ಲಿ ಲಕ್ಷ್ಮಣಪ್ಪ ಎಂಬ ಮೆಕ್ಯಾನಿಕ್ ಇದ್ದ. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ರಿಟೈರಾಗಿ, ಮನೆಯಲ್ಲಿ ಕೂರಲಾರದೆ ಬಂದಿದ್ದ ಮುದುಕ. ಬಸಲಿಂಗನ ಗಾಡಿಯ ಕ್ಲಚ್ ಪ್ಲೇಟು ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟದ್ದರ ಬಗ್ಗೆ ಅವನಿಗೆ ಮೊದಲೇ ಅನುಮಾನವಿತ್ತು. "ನಡಿ, ಒಂದು ರೌಂಡು ಹೋಗ್ಬರಾಣ," ಎಂದು ಪಕ್ಕದ ಸೀಟಿನಲ್ಲಿ ಕೂತ.

ಅರ್ಧ ಕಿಲೋಮೀಟರ್ ಹೋಗಿರಲಿಲ್ಲ. "ಕ್ಲಚ್ ಮೇಲಿಂದ ಕಾಲು ತೆಗಿಯಪ್ಪ," ಎಂದ.

"ತಗದೀನ್ರೀ ಕಾಕಾ."

"ತೆಗಿ ಅಂತೀನಿ."

"ತಗದೀನಿ ಅಂದ್ನೆಲ್ರೀ!"

"ನಿಲ್ಲಿಸು ಗಾಡಿ." ನಿಲ್ಲಿಸಿದ ಮೇಲೆ ಲಕ್ಷ್ಮಣಪ್ಪ ಬಗ್ಗಿ, ಪೆಡಲಿನ ಮೇಲಿದ್ದ ಪಾದವನ್ನು ಕೈಯಲ್ಲಿ ಹಿಡಿದು ಎತ್ತಿದ. "ಇದು ಯಾರ ಕಾಲಪ್ಪಾ?"

ಬಸಲಿಂಗ ಬಗ್ಗಿ ನೋಡಿದ. ಅವನದೇ ಎಡಗಾಲು. ಮುದುಕನ ಬೆರಳು ಪಾದವನ್ನು ಒತ್ತಿ ಹಿಡಿದದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಮಾತ್ರ ತಿಳಿಯುತ್ತಿರಲಿಲ್ಲ. ದಿನವಿಡೀ ಆ ಕಾಲು ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇತ್ತು. ಡೀಸೆಲ್ ಅಲ್ಲಿ ಉರಿದುಹೋಗುತ್ತಿತ್ತು.

"ಜಾಮಿನ್ಯಾಗ ಕುಂತ್ ಕುಂತ್ ಜೋಮು ಹಿಡದೈತ್ರಿ," ಎಂದು ನಗಲು ನೋಡಿದ.

"ಶುಗರ್ ಮಾತ್ರೆ ನುಂಗ್ತಿದೀಯಾ?"

ಬಸಲಿಂಗ ಸ್ಟೇರಿಂಗ್ ಒರೆಸತೊಡಗಿದ. ಮಾತ್ರೆ ನಿಲ್ಲಿಸಿ ವರ್ಷದ ಮೇಲಾಗಿತ್ತು.

"ನಾನು ಯಾರಿಗೂ ಹೇಳಲ್ಲ. ನಾಳೇನೇ ಆಸ್ಪತ್ರೆಗೆ ಹೋಗು."

"ತಿಂಗಳ ಮುಗೀಲಿ ಕಾಕಾ. ನಿಮ್ಮ ಕಾಲಿಗೆ ಬೀಳ್ತೀನಿ."

ಅಂದಿನಿಂದ ಗೇರು ಬದಲಿಸಿದಾಗೆಲ್ಲ ಕೆಳಗೆ ನೋಡುವುದು, ಮೊಣಕಾಲನ್ನು ಕೈಯಿಂದಲೇ ಎತ್ತಿ ಆಚೆ ಇಡುವುದು. ಮೈಲೇಜು ಏರಿತು. ಹದಿನೇಳಾಯಿತು, ಹತ್ತೊಂಬತ್ತಾಯಿತು. ಬಸಲಿಂಗ ಮತ್ತೆ ಹೊಟ್ಟೆತುಂಬ ಉಂಡ. ಎಡಗಾಲು ತಾನೇ, ಬ್ರೇಕಿನ ಕಾಲು ಸರಿಯಿದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ತಿಂಗಳ ಕೊನೆಯ ಸಂಜೆ ಮನೆಗೆ ಬಂದಾಗ ಮಹಾನಂದಾ ಹೊಸ್ತಿಲ ಬಳಿಯೇ ಚೀರಿದಳು. "ಅಯ್ಯ ಶಿವನ! ಇದೇನ್ರೀ ರಕ್ತ?"

ಕೂರಿಸಿ ಕಾಲು ತಿರುಗಿಸಿ ನೋಡಿದಳು. ಅಂಗಾಲಿನೊಳಗೆ ಒಂದು ಸ್ಕ್ರೂ ಮಂಡೆಯವರೆಗೂ ಇಳಿದಿತ್ತು. ಬೆಳಿಗ್ಗೆ ಯಾರ್ಡಿನಲ್ಲಿ ಬರಿಗಾಲಲ್ಲಿ ಗಾಜು ಒರೆಸುವಾಗ ಹೊಕ್ಕಿರಬೇಕು. ಬಲಗಾಲು. ಅದೇ ಕಾಲಲ್ಲಿ ದಿನವಿಡೀ ಬ್ರೇಕು ಒತ್ತಿದ್ದ, ಫ್ಲೈಓವರ್ ಮೇಲೆ ಹೋಗಿದ್ದ, ಬಂದಿದ್ದ. ಹಿಂದಿನ ಸೀಟಿನಲ್ಲಿ ಕೃಪಾ ಎಂಬ ಹುಡುಗಿ ಎಂದಿನಂತೆ ನಿದ್ದೆ ಹೋಗಿದ್ದಳು. ಮಹಾನಂದಾ ಸ್ಕ್ರೂ ಎಳೆದು ತೆಗೆದಳು. ಆಗಲೂ ಅವನಿಗೆ ನೋಯಲಿಲ್ಲ. ನೋಯಲಿಲ್ಲವಲ್ಲ ಎಂದೇ ಅವನು ಅತ್ತ.

ಮರುದಿನ ಹಾಳೆಯಲ್ಲಿ ಬಸಲಿಂಗನ ಹೆಸರೇ ಮೊದಲು.

"ನೋಡಿದ್ಯಾ? ಮನಸ್ಸು ಮಾಡಿದ್ರೆ ಆಗತ್ತೆ ಕಣೋ!" ಸುಧೀಂದ್ರ ಅವನ ಬೆನ್ನು ತಟ್ಟಿದ.

ಬಸಲಿಂಗ ಕೀಯನ್ನು ಮೇಜಿನ ಮೇಲಿಟ್ಟ. "ಬ್ಯಾರೆಯವರಿಗೆ ಕೊಡ್ರಿ ಸಾರ್. ಬ್ರೇಕ್ ಮ್ಯಾಲೆ ಕಾಲೈತೋ ಇಲ್ಲೋ, ನನಗ ಗೊತ್ತಾಗವಲ್ದು."

ಸುಧೀಂದ್ರ ಏನೇನೋ ಕೇಳುತ್ತಲೇ ಇದ್ದ. ಅಷ್ಟರಲ್ಲಿ ಬಸಲಿಂಗನ ಫೋನ್ ಹೊಡೆದುಕೊಂಡಿತು, ಕೃಪಾ.

"ಅಣ್ಣ, ಎಲ್ಲಿದೀರಾ? ಟೈಮಾಯ್ತು."

"ಇವತ್ತಿಂದ ನಾ ಬರಂಗಿಲ್ಲವ್ವಾ. ಬ್ಯಾರೆ ಡ್ರೈವರ್ ಬರ್ತಾನ."

"ಅಯ್ಯೋ, ಹೊಸಬರಾ? ಬೇರೆಯವರು ಓಡಿಸಿದ್ರೆ ನಂಗೆ ಭಯ ಆಗತ್ತೆ. ನೀವೇ ಬನ್ನಿ ಅಣ್ಣ, ಪ್ಲೀಸ್."

ಬಸಲಿಂಗ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ.