ಮಾಗನೂರು ಕೆರೆಯ ಮಣ್ಣುಬಣ್ಣದ ಹಕ್ಕಿಗಳು

ಗೆಳೆಯರೇ, ಚಳಿಗಾಲ ಮುಗಿಸಿ ಸೈಬೀರಿಯಾಕ್ಕೆ ಹೊರಟು ನಿಂತ ಹಕ್ಕಿಗಳಿಗೆ ಇಂದು ಬೆಳಿಗ್ಗೆ ಮಾಗನೂರಿನ ಕೆರೆಯಲ್ಲಿ ಅವಮಾನವಾಯಿತು. ಜೊತೆಗೆ ನನಗೂ.

ಪಕ್ಕದ ಮನೆಯ ನೇಕಾರ ಶೇಖರಪ್ಪನನ್ನು ನಾನೇ ಕರೆದೊಯ್ದಿದ್ದೆ. ಕೆಸರಿನಲ್ಲಿ ಹುಳು ಹೆಕ್ಕುತ್ತಿದ್ದ ಹನ್ನೊಂದು ಗೊರವ ಹಕ್ಕಿಗಳನ್ನು ದುರ್ಬೀನಿನಲ್ಲಿ ತೋರಿಸಿದೆ.

"ಇವೇನ್ರಿ ಸರ, ಎಲ್ಲಾ ಮಣ್ಣಿನ ಬಣ್ಣ! ಇಂಥಾ ಸೀರಿ ನೇಯ್ದ್ರ ಗದ್ವಾಲ ಅಂಗಡಿಯವ್ರು ಮುಟ್ಟಿ ಸುದ್ದಾ ನೋಡಂಗಿಲ್ಲ."

ಸೌಂದರ್ಯ ತಿಳಿಯದವರಿಗೆ ಪಾಠ ಹೇಳುವುದು ನನ್ನ ಕರ್ತವ್ಯ ತಾನೇ? "ಇವಕ್ಕ ಅಡವಿ ಗೊರವ ಅಂತಾರ. ಹನ್ನೊಂದೂ ಒಂದೇ ಜಾತಿ. ಬರ್ಕೊಂಡೀನಿ," ಎಂದೆ.

"ಒಂದೇ ಹೆಂಗಾಕ್ಕಾವ್ರಿ? ಆ ದಂಡಿಗೆ ನಿಂತ ಎರಡರ ಕಾಲು ಹಸರ ಅದಾವ, ಉಳಿದವು ಹಳದಿ. ರೆಕ್ಕಿ ಮ್ಯಾಲಿನ ಚುಕ್ಕಿನೂ ಸಣ್ಣವು."

ಪುಸ್ತಕ ತೆಗೆದು ನೋಡಿದೆ. ಆ ಎರಡು ಬೇರೆ ಜಾತಿಯವೇ, ಹಸಿರು ಗೊರವ. ಆರು ವರ್ಷಗಳಿಂದ ನಾನು ಎರಡನ್ನೂ ಒಂದೇ ಹೆಸರಿನಲ್ಲಿ ಬರೆಯುತ್ತ ಬಂದಿದ್ದೇನೆ.

"ಈ ದುರ್ಬೀನಿನ ಗಾಜು ಮಸುಕಾಗೈತಿ ನೋಡಪ್ಪ," ಎಂದೆ. ಅವನು ನೋಡಿದ್ದೂ ಅದರಲ್ಲೇ.

ಶೇಖರಪ್ಪ ಬಹಳ ಮರ್ಯಾದೆಯಿಂದ ಸಮಾಧಾನ ಹೇಳಿದ: "ಇರಲಿ ಬಿಡ್ರಿ ಸರ, ಹಕ್ಕಿ ನೋಡಾಕ ಇಷ್ಟು ಕಣ್ಣು ನಡೀತೈತಿ. ನಮ್ಮ ಮಗ್ಗದ ಮ್ಯಾಲೆ ಮಾತ್ರ ಕುಂಡ್ರಾಕ ಬರಬ್ಯಾಡ್ರಿ."