ಭಾವನ ಪೆಟ್ಟಿಗೆಯ ಮೂವತ್ತಾರು ನುಸಿ

ಜೇನು ಸಾಕುವವರ ಸಂಘದಲ್ಲಿ ಅವಳಿಗೆ ‘ಅರ್ಧ ಲೋಟ’ ಎಂದೇ ಹೆಸರು. ತಿಂಗಳಿಗೊಮ್ಮೆ ಪ್ರತಿ ಪೆಟ್ಟಿಗೆಯಿಂದ ಅರ್ಧ ಲೋಟ, ಅಂದರೆ ಸುಮಾರು ಮುನ್ನೂರು ಹುಳ ತೆಗೆದು, ಸ್ಪಿರಿಟ್ಟಿನಲ್ಲಿ ಕುಲುಕಿ, ಹುಳದ ಮೈಗಂಟಿ ಹೀರಿ ಗೂಡನ್ನೇ ಕೊಲ್ಲುವ ನುಸಿ ಎಷ್ಟು ಉದುರಿತೆಂದು ಎಣಿಸುತ್ತಿದ್ದಳು. ಅಷ್ಟು ಹುಳ ಸಾಯುತ್ತಿದ್ದವು, ಪೆಟ್ಟಿಗೆ ಉಳಿಯುತ್ತಿತ್ತು. ಮೊದಲ ವರ್ಷ ಗೊತ್ತಾಗದೆ ರಾಣಿಯನ್ನೇ ಲೋಟಕ್ಕೆ ಹಾಕಿ ಕುಲುಕಿಬಿಟ್ಟಿದ್ದಳು. ಆಡಿಕೊಳ್ಳುವವರು ಬಾಯಿ ತೆರೆಯುವ ಮೊದಲೇ ಅವಳೇ ಹೇಳುತ್ತಿದ್ದಳು: “ಹೌದು, ರಾಣೀನ ಕೊಂದೋಳು ನಾನೇ. ಮುಂದಿನ ಮಾತು ಹೇಳಿ.”

ಸಂಘದ ಅಧ್ಯಕ್ಷ ಅವಳ ಗಂಡನ ಅಣ್ಣ. ಎಲ್ಲರ ಪೆಟ್ಟಿಗೆಗಳೂ ಒಂದೇ ತೋಟದಲ್ಲಿದ್ದವು. ಎಲ್ಲರೂ ಒಂದೇ ದಿನ ನುಸಿಗೆಂದು ಒಂದೇ ಔಷಧ ಸವರಿದ ಪಟ್ಟಿಯನ್ನು ಪೆಟ್ಟಿಗೆಯೊಳಗೆ ತೂಗುಹಾಕಬೇಕೆಂಬುದು ಅವನ ನಿಯಮ. ಕಳೆದ ವರ್ಷ ಅವಳು ಐದು ಪೆಟ್ಟಿಗೆಗೆ ಪಟ್ಟಿ ಹಾಕಿ, ಐದನ್ನು ಹಾಗೇ ಬಿಟ್ಟು ಎಣಿಸಿದಳು. ನುಸಿ ಎರಡರಲ್ಲೂ ಒಂದೇ ಸಮ! ನುಸಿಗಳು ಆ ಔಷಧಕ್ಕೆ ಒಗ್ಗಿಹೋಗಿದ್ದವು. ಹೇಳಿದರೆ ಕೇಳುವವರು ಯಾರು? ಈ ವರ್ಷ ಅವಳು ಪಟ್ಟಿ ಮುಟ್ಟದೆ ಬೇರೆ ಔಷಧ ಕೊಟ್ಟಳು.

ಎಲ್ಲರೂ ಪಟ್ಟಿ ತೆಗೆದ ಮರುದಿನ ಭಾವ ಸದಸ್ಯರನ್ನು ಕಟ್ಟಿಕೊಂಡು ತೋಟಕ್ಕೆ ಬಂದ.

“ನಿಯಮ ಮುರಿದೋರಿಗೆ ಇಲ್ಲಿ ಜಾಗ ಇಲ್ಲ. ಸಂಜೆಯೊಳಗೆ ಪೆಟ್ಟಿಗೆ ಎತ್ಕೊಂಡು ಹೋಗು.”

ಹತ್ತು ಪೆಟ್ಟಿಗೆ ಹೊತ್ತು ಎಲ್ಲಿಗೆ ಹೋಗುವುದು? ಆದರೂ ಅವಳು ಜಗ್ಗಲಿಲ್ಲ.

“ಮೊದ್ಲು ನಿಮ್ಮದೊಂದು ತೆಗೀರಿ ಭಾವ. ಎಲ್ಲಕ್ಕಿಂತ ಗಟ್ಟಿ ಇರೋದನ್ನೇ ತೆಗೀರಿ.”

ಅವನು ಮೀಸೆ ತಿರುವುತ್ತಾ ಹುಳ ಗಿಜಿಗುಡುವ ಪೆಟ್ಟಿಗೆ ತೆರೆದ. ಅವಳು ರಾಣಿಯನ್ನು ಹುಡುಕಿ ಪಕ್ಕಕ್ಕಿಟ್ಟಳು. ಹುಳ ತುಂಬಿ, ಕುಲುಕಿ, ಬಿಳಿ ತಟ್ಟೆಗೆ ಸೋಸಿದಳು.

“ನೀವೇ ಎಣಿಸಿ.”

ಜೋರಾಗಿ ಶುರುವಾದ ಎಣಿಕೆ ಇಪ್ಪತ್ತು ದಾಟುತ್ತಲೇ ಗಂಟಲೊಳಗೆ ಇಳಿಯಿತು. ಮೂವತ್ತಾರು. ಅರ್ಧ ಲೋಟ ಹುಳಕ್ಕೆ ಒಂಬತ್ತು ನುಸಿಯಾದರೇ ಅಪಾಯ! ಅವಳದನ್ನೂ ತೆಗೆಸಿದರು. ಎರಡು.

“ನಿನ್ನ ಪೆಟ್ಟಿಗೆಯಿಂದ್ಲೇ ಬಂದಿರ್ಬೇಕು,” ಎಂದ ಭಾವ.

“ಎರಡಿರೋ ಕಡೆಯಿಂದ ಮೂವತ್ತಾರು ಬಂತಾ? ಲೆಕ್ಕ ಚೆನ್ನಾಗಿದೆ.”

ಅವಳಿಗೆ ಗೆದ್ದ ಖುಷಿಗಿಂತ ಆ ಹುಳಗಳನ್ನು ಕಂಡು ಅಯ್ಯೋ ಅನ್ನಿಸಿತು. ಜೇಬಿನಿಂದ ಪೆನ್ನು ತೆಗೆದು ಅವನ ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಗೆ ಮೂವತ್ತಾರು ಎಂದು ಬರೆದಳು. ಭಾವ ಒರೆಸಲು ಹೆಗಲ ಮೇಲಿನ ಬಟ್ಟೆ ಎಳೆದುಕೊಂಡ. ಸದಸ್ಯರ ನಡುವಿದ್ದ ಅವನ ಹೆಂಡತಿ ಮುಂದೆ ಬಂದು ಆ ಕೈ ಹಿಡಿದಳು.

“ಒರೆಸಿದ್ರೆ ನುಸಿ ಹೋಗುತ್ತಾ? ಅವಳನ್ನ ಓಡಿಸಿದ್ರೆ ನಮ್ಮ ಹುಳ ಉಳಿಸೋರು ಯಾರು? ಯಾವ ಔಷಧ ಹಾಕಿದ್ಲು ಅಂತ ಕೇಳ್ರೀ ಅವಳನ್ನ!”

ಭಾವ ಕೈ ಬಿಡಿಸಿಕೊಂಡು ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡ. ಅವಳು ತನ್ನ ಬಕೆಟ್ಟು ಬೋರಲು ಹಾಕಿ, ಅವನೆದುರೇ ಕುಳಿತಳು.

“ನಿಧಾನಕ್ಕೆ ಕೇಳಿ ಭಾವ. ಅಲ್ಲಿವರೆಗೂ ನಾನು ಇಲ್ಲಿಂದ ಏಳಲ್ಲ.”